ವಿಡಿಯೋ ಗೇಮಿಗೊಂದು ತಾಳಮದ್ದಳೆ

ಮಾತಿನಲ್ಲಿ ನನ್ನನ್ನು ಸೋಲಿಸಿದವರು ಊರಲ್ಲೂ ಇಲ್ಲ, ಕುವೈತಿನಲ್ಲೂ ಇಲ್ಲ. ಜಂಬಕ್ಕೆ ಹೇಳುವುದಲ್ಲ. ಮೀನು ಮಾರುವ ಕಮಲ, ಬಸ್ಸಿನ ಕಂಡಕ್ಟರ್, ನನ್ನ ನಾದಿನಿ, ಎಲ್ಲರೂ ಒಪ್ಪಿಕೊಂಡ ವಿಷಯ. ಹಾಗಾಗಿ ನಮ್ಮ ಮನೆಯಲ್ಲಿ ವಿಡಿಯೋ ಗೇಮಿನ ಮೇಲೆ ಚರ್ಚಾಕೂಟ ಅಂತ ಗೊತ್ತಾದಾಗ ನಾನು ಚೂರೂ ಹೆದರಲಿಲ್ಲ. ಗೇಮು ಎಂದರೆ ಎಂತ ಅಂತ ತಿಳಿದು ಆಗ ಸುಮಾರು ಒಂದು ವಾರ ಆಗಿತ್ತು. ಅಷ್ಟು ಸಾಕು ಅಂತ ನನ್ನ ಲೆಕ್ಕ.

ನನ್ನ ಮಗ ಸುಧಾಕರ ಇಲ್ಲಿ ಕುವೈತಿನ ಶುಐಬಾದ ಒಂದು ಪ್ಲಾಂಟಿಗೆ ಕಂಪನಿ ಬಸ್ಸಿನಲ್ಲಿ ಹೋಗಿ ಬರುತ್ತಾನೆ. ಸೊಸೆ ಶೋಭಾ ಜಾಬ್ರಿಯಾದಲ್ಲಿ ನರ್ಸ್. ಮೊಮ್ಮಗಳು ತನ್ವಿ ಏಳನೇ ಕ್ಲಾಸು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಮುಕ್ಕಾಲು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ನನಗೆ ಅರ್ಧವೂ ತಿಳಿಯುವುದಿಲ್ಲ. ಆದರೂ ನಮ್ಮ ಜಗಳ ಒಳ್ಳೇ ರೀತಿಯಲ್ಲಿ ನಡೆಯುತ್ತದೆ.

ನಾನು ಬಂದದ್ದು ವಿಸಿಟ್ ವೀಸಾದಲ್ಲಿ. ಹಗಲಿಡೀ ಫ್ಲ್ಯಾಟಿನಲ್ಲಿ ಏಸಿಯ ಕೆಳಗೆ ಕೂತು ಎಂತ ಮಾಡುವುದು? ಒಂದು ದಿನ ತನ್ವಿ ಎರಡು ಕೊಂಬಿನ ರಿಮೋಟ್ ನನ್ನ ಕೈಗೆ ಕೊಟ್ಟು, "ಅಜ್ಜಿ, ಯೂ ಪ್ಲೇ" ಅಂದಳು.

ಟಿವಿಯಲ್ಲಿ ಒಂದು ಊರು. ಗದ್ದೆ, ಕೋಳಿ, ಹೊಳೆ, ಹೊಳೆಯಲ್ಲಿ ಮೀನು. ಬುಟ್ಟಿ ಹಿಡಿದ ಒಬ್ಬಳು ಹೆಂಗಸು. ನಾನು ಬಟನ್ ಒತ್ತಿದರೆ ಅವಳು ನಡೆಯುತ್ತಾಳೆ, ಮಣ್ಣು ಅಗೆಯುತ್ತಾಳೆ, ಗೂಡು ಕಟ್ಟುತ್ತಾಳೆ. ಸೊಂಟ ನೋವು ಅವಳಿಗೂ ಇಲ್ಲ, ನನಗೂ ಇಲ್ಲ. ಇಂಥ ವ್ಯವಸಾಯ ಮೊದಲೇ ಗೊತ್ತಿದ್ದರೆ ನಾನು ಯಾಕೆ ಅಷ್ಟು ವರ್ಷ ಗದ್ದೆಯಲ್ಲಿ ಬಗ್ಗಿದೆ? ಸಂಜೆಯೊಳಗೆ ನನ್ನ ಕೋಳಿಗೂಡು ತುಂಬಿತು. ಒಂದು ಹುಂಜ ಉಂಟು, ಕೆಂಪು ಜುಟ್ಟು, ನಡಿಗೆ ನೋಡಬೇಕು. ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೊಳೆಯ ಕಡೆ ಹೋದೆ. ಸೇತುವೆ ಕಾಣಿಸಿತು. ಕಾಲಿಟ್ಟ ಕೂಡಲೇ ಟಿಣ್ ಟಿಣ್ ಅಂತ ಒಂದು ಸಣ್ಣ ರಾಗ ಬಂತು. ಟಿವಿ ಕತ್ತಲೆ.

"ಎಂತ ಆಯ್ತು ಮಗಾ? ಕರೆಂಟು ಹೋಯ್ತಾ?"

"ನೋ ಅಜ್ಜಿ, ಇದು ಡೆಮೋ. ಫ್ರೀ ಇಷ್ಟೇ. ಬ್ರಿಡ್ಜ್ ಆಚೆ ಹೋಗಬೇಕಾದರೆ ಗೇಮ್ ಬಯ್ ಮಾಡಬೇಕು."

ನಾನು ಸಣ್ಣವಳಿರುವಾಗ ನಮ್ಮ ಹೊಳೆಗೆ ಸೇತುವೆ ಇರಲಿಲ್ಲ. ಮಳೆಗಾಲದಲ್ಲಿ ದೋಣಿ ನಿಲ್ಲುತ್ತಿತ್ತು, ನನ್ನ ಶಾಲೆಯೂ ನಿಂತಿತು. ಇಲ್ಲಿ ಸೇತುವೆ ಉಂಟು, ದಾಟಲು ಬಿಡುವುದಿಲ್ಲ. ಆಚೆ ದಡದಲ್ಲಿ ಏನೋ ಹೊಗೆ ಏಳುವುದು ಬೇರೆ ಕಾಣುತ್ತದೆ. ಯಾರ ಮನೆ? ಎಂತ ಬೇಯುತ್ತಾ ಉಂಟು? ನನಗೆ ಊಟ ರುಚಿಸಲಿಲ್ಲ.

"ಆ ಗೇಮು ತೆಗೆದುಕೊಡು" ಅಂತ ಮಗನಿಗೆ ಹೇಳಿದೆ.

ಆಗ ತಿಳಿಯಿತು ಅವನ ಗುಟ್ಟು. ಮನೆಯಲ್ಲಿ ಗೇಮಿನ ಹುಚ್ಚು ತನ್ವಿಗಿಂತ ಅವನಿಗೆ ಜಾಸ್ತಿ. ತಲೆಯಲ್ಲಿ ಕೂದಲಿಲ್ಲದ ಗಂಡಸು, ಬರುವ ವರ್ಷ ಬರಲಿರುವ ಯಾವುದೋ ಕಾರು ಓಡಿಸುವ ಗೇಮಿಗೆ ಕಾಯುತ್ತಾ ಕೂತಿದ್ದಾನೆ. ಅದರ ಟ್ರೈಲರನ್ನು ದಿನಾ ಬಸ್ಸಿನಲ್ಲಿ ನೋಡುತ್ತಾನಂತೆ. ಮುಂಗಡ ಬುಕ್ ಮಾಡಬೇಕು ಅಂತ ಅವನ ಹಟ. ತನ್ವಿಗೆ ಬೇಕಾದದ್ದು ನಮ್ಮ ಹೊಳೆಯ ಗೇಮು.

ಶೋಭಾ ಅಡುಗೆಮನೆಯಿಂದಲೇ ತೀರ್ಪು ಕೊಟ್ಟಳು. "ಈ ರಜೆಗೆ ಒಂದೇ ಗೇಮು. ಎರಡು ತಂದರೆ ಟಿವಿ ಬಾಲ್ಕನಿಗೆ. ಶುಕ್ರವಾರ ಅಪ್ಪ ಮಗಳು ಇಬ್ಬರೂ ವಾದ ಮಾಡಿ. ಗೆದ್ದವರ ಗೇಮು ಬರಲಿ. ಒಂದೇ ಷರತ್ತು, ಕನ್ನಡದಲ್ಲಿ ಮಾತಾಡಬೇಕು."

"ದಟ್ಸ್ ನಾಟ್ ಫೇರ್" ಅಂದಳು ತನ್ವಿ.

"ಅದನ್ನೂ ಕನ್ನಡದಲ್ಲಿ ಹೇಳು" ಅಂದಳು ಶೋಭಾ.

ಸುಧಾಕರ ಗೆದ್ದರೆ ಅವನ ಗೇಮು ಬರುವ ವರ್ಷ ಬರುತ್ತದೆ. ಆಗ ನಾನು ಊರಲ್ಲಿ. ನನ್ನ ಹುಂಜ ಸೇತುವೆಯ ಈಚೆ. ಇದು ಆಗುವ ಮಾತಲ್ಲ. ತನ್ವಿಯನ್ನು ಕೋಣೆಗೆ ಕರೆದು ಬಾಗಿಲು ಹಾಕಿದೆ.

"ಹೆದರಬೇಡ. ನಿನ್ನ ಅಜ್ಜಿ ಯಾರು ಅಂತ ನಿನಗೆ ಗೊತ್ತಿಲ್ಲ. ನಾನು ತಾಳಮದ್ದಳೆಯಲ್ಲಿ ಅರ್ಥ ಹೇಳಿದವಳು."

ಗೊತ್ತಿಲ್ಲದವರಿಗೆ ಹೇಳುತ್ತೇನೆ. ತಾಳಮದ್ದಳೆ ಎಂದರೆ ವೇಷ ಇಲ್ಲದ, ಕುಣಿತ ಇಲ್ಲದ ಯಕ್ಷಗಾನ. ಭಾಗವತರು ತಾಳ ಹಾಕಿ ಪದ್ಯ ಹೇಳುತ್ತಾರೆ. ಎದುರುಬದುರು ಕೂತವರು ಪುರಾಣದ ಪಾತ್ರಗಳಾಗಿ ಬಾಯಿಗೆ ಬಂದ ಹಾಗೆ ವಾದ ಮಾಡುತ್ತಾರೆ. ಅದಕ್ಕೆ ಅರ್ಥ ಹೇಳುವುದು ಅನ್ನುತ್ತಾರೆ. ನಮ್ಮ ಊರಿನ ಹೆಂಗಸರ ಸಂಘದಲ್ಲಿ ನಾನು ಇದ್ದೆ. ಓದು ಬಾರದಿದ್ದರೂ ಕೇಳಿ ಕೇಳಿ ಎಲ್ಲ ಬಾಯಿಪಾಠ. ಗಂಟಲು ದೊಡ್ಡದು ಅಂತ ನನಗೆ ಯಾವಾಗಲೂ ಸೊಕ್ಕಿನ ರಾಜನ ಪಾತ್ರ, ಇಲ್ಲದಿದ್ದರೆ ರಕ್ಕಸನ ಪಾತ್ರ. ವಾದದಲ್ಲಿ ಎದುರಿನವರ ಬೆವರಿಳಿಸುತ್ತಿದ್ದೆ. ಆದರೆ ಕಥೆ ಬದಲಿಸಲು ಆಗುತ್ತದಾ? ಕೊನೆಗೆ ಭಾಗವತರು ಸೋಲಿನ ಪದ್ಯ ಎತ್ತಿದ ಕೂಡಲೇ ಕೈಮುಗಿದು "ಸೋತೆ" ಅನ್ನಬೇಕು. ಅದು ಆ ಕಲೆಯ ಮರ್ಯಾದೆ. ಸುಧಾಕರ ಸಣ್ಣವನಿರುವಾಗ ಚಕ್ಕುಲಿ ತಿನ್ನುತ್ತಾ ನನ್ನ ಪಕ್ಕದಲ್ಲೇ ಕೂತಿರುತ್ತಿದ್ದ. ಅವನು ಅದೆಲ್ಲ ನೋಡಿದವನು ಅನ್ನುವುದು ತನ್ವಿಗೆ ಪಾಠ ಹೇಳುವಾಗ ನನ್ನ ಲೆಕ್ಕಕ್ಕೆ ಬರಲಿಲ್ಲ.

"ಮೊದಲು ಎದುರಾಳಿಯನ್ನು ಹೊಗಳಬೇಕು" ಅಂತ ತನ್ವಿಗೆ ಕಲಿಸಿದೆ. "ಮೇಲೆ ಮೇಲೆ ಏರಿಸಬೇಕು. ಅಟ್ಟಕ್ಕೆ ಏರಿಸಿದ ಮೇಲೆ ಏಣಿ ಎಳೆಯಬೇಕು. ಬಿದ್ದರೆ ಏಳಬಾರದು."

"ವೈ ಪ್ರೈಸ್ ಹಿಮ್, ಅಜ್ಜಿ?"

"ಅದು ಕ್ರಮ ಮಾರಾಯ್ತಿ."

ಶುಕ್ರವಾರ ನಮಾಜು ಮುಗಿಸಿ ಎದುರು ಫ್ಲ್ಯಾಟಿನ ಹಮೀದ್ ಬ್ಯಾರಿ ಬಂದ. ಉಪ್ಪಿನಂಗಡಿ ಕಡೆಯವನು, ಸಿಟಿಯ ಹಳೇ ಪೇಟೆ, ಸೂಕು ಅನ್ನುತ್ತಾರೆ, ಅಲ್ಲಿ ಅತ್ತರಿನ ಅಂಗಡಿ. ಅವನೇ ಜಡ್ಜ್. "ವಾರಿಜಕ್ಕ, ನನಗೆ ಗೇಮಿನ ಗಂಧಗಾಳಿ ಇಲ್ಲ" ಅಂದ. ಹಾಗಾದರೆ ಪಕ್ಷಪಾತ ಮಾಡಲಿಕ್ಕಿಲ್ಲ ಅಂತ ಎಲ್ಲರೂ ಒಪ್ಪಿದೆವು. ಶೋಭಾ ಚಹಾ, ಆಗಷ್ಟೇ ಕರಿದ ಪೋಡಿ ತಂದಿಟ್ಟು ಮೊಬೈಲಿನಲ್ಲಿ ಅಲಾರಾಂ ಇಟ್ಟಳು. ಒಬ್ಬೊಬ್ಬರಿಗೆ ಐದು ನಿಮಿಷ.

ತಾಳಮದ್ದಳೆಯಲ್ಲಿ ಬರೀ ನಮಸ್ಕಾರ ಹೇಳಲು ಐದು ನಿಮಿಷ ಬೇಕು.

ತನ್ವಿ ಎದ್ದು ನಿಂತು ನಾನು ಕಲಿಸಿದ ಹಾಗೇ ಶುರು ಮಾಡಿದಳು. "ಪೂಜ್ಯ ತಂದೆಯವರೇ, ತಾವು ಕಾಯುತ್ತಿರುವ ಗೇಮು ಸಾಮಾನ್ಯದ್ದಲ್ಲ. ಅದರಲ್ಲಿ ಇಡೀ ಒಂದು ನಗರ ಉಂಟು. ಯಾವ ಬಾಗಿಲು ತೆರೆದರೂ ಒಳಗೆ ಹೋಗಬಹುದು. ಮಳೆ ಬಂದರೆ ರಸ್ತೆಯ ನೀರಿನಲ್ಲಿ ದೀಪ ಕಾಣುತ್ತದೆ..."

"ಮಳೆಯಾ?" ಹಮೀದ್ ಕೈಯ ಪೋಡಿ ಕೆಳಗಿಟ್ಟ. "ನಿಜವಾದ ಮಳೆಯ ಹಾಗೇ ಬರುತ್ತದಾ?"

"ಯೆಸ್ ಅಂಕಲ್. ಗ್ಲಾಸಿನ ಮೇಲೆ ಹನಿ ಇಳಿಯುತ್ತದೆ." ಹುಡುಗಿಗೆ ಉಮೇದು ಬಂತು. ಕಾರಿನ ಬಣ್ಣ, ರೇಡಿಯೋದ ಹಾಡು, ಸಮುದ್ರದ ಸೂರ್ಯಾಸ್ತ, ಒಂದೂ ಬಿಡಲಿಲ್ಲ. ಅಪ್ಪನನ್ನು ಅಟ್ಟಕ್ಕಲ್ಲ, ಕುವೈತ್ ಟವರಿನ ತುದಿಗೆ ಏರಿಸಿದಳು. ಏಣಿಗೆ ಕೈ ಹಾಕಬೇಕು, ಅಲಾರಾಂ ಹೊಡೆಯಿತು.

"ಖಲಾಸ್" ಅಂದಳು ಶೋಭಾ.

ಹಮೀದ್ ಕಣ್ಣು ಒರೆಸಿಕೊಂಡ. "ಮಗಳೇ, ನೀನು ಹೇಳಿದ್ದು ಕೇಳಿ ನನಗೂ ನಿನ್ನ ಅಪ್ಪನ ಗೇಮೇ ಬೇಕು ಅನ್ನಿಸಿತು."

ಸುಧಾಕರ ಎದ್ದು ಒಂದೇ ಮಾತು ಹೇಳಿದ. "ನನಗೆ ಇನ್ನು ಹೇಳಲಿಕ್ಕೆ ಎಂತದೂ ಉಳಿದಿಲ್ಲ." ಕೂತು ಚಹಾ ಕುಡಿಯಲು ಶುರು ಮಾಡಿದ.

ತನ್ವಿ ನನ್ನ ಕಡೆ ನೋಡಿದ ನೋಟ ಉಂಟಲ್ಲ, ಅದನ್ನು ಯಾವ ಭಾಷೆಗೂ ತರಲು ಆಗುವುದಿಲ್ಲ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದೆ.

"ಹಮೀದ್, ಮಗುವಿನ ಮಾತು ಅರ್ಧದಲ್ಲಿ ನಿಂತಿದೆ. ಉಳಿದದ್ದು ನಾನು ಹೇಳುತ್ತೇನೆ."

"ಅಮ್ಮ, ಅದು ರೂಲ್ಸಿನಲ್ಲಿ ಇಲ್ಲ" ಅಂದ ಸುಧಾಕರ.

"ನೀನು ಹುಟ್ಟಿದ್ದು ಯಾವ ರೂಲ್ಸಿನಲ್ಲಿ? ಕೂತುಕೋ."

ಹಮೀದ್ ನಕ್ಕು ಕೈ ಬೀಸಿದ. "ಯಲ್ಲಾ, ಆಗಲಿ, ಮಾತಾಡಿ ಅಕ್ಕ."

ಶುರು ಮಾಡಿದೆ ನೋಡಿ. ಮೈಯಲ್ಲಿ ಏನೋ ಬಂದ ಹಾಗೆ ಆಯಿತು. "ಬರಲಿರುವ ಗೇಮು, ಬರಲಿರುವ ಗೇಮು ಅನ್ನುತ್ತೀಯಲ್ಲ ಮಗನೇ, ಅದು ಎಷ್ಟು ಸಲ ಮುಂದೆ ಹೋಗಿದೆ?"

"ಎರಡು ಸಲ. ಆದರೆ ಅಮ್ಮ, ಚೆನ್ನಾಗಿ ಮಾಡಲಿಕ್ಕೆ..."

"ಎರಡು ಸಲ ದಿನ ತಪ್ಪಿದ ಮದುವೆಗೆ ಯಾರಾದರೂ ಮುಯ್ಯಿ ಮೊದಲೇ ಕೊಡುತ್ತಾರಾ? ಟ್ರೈಲರು ನೋಡಿ ಮರುಳಾದೆ. ನಿನ್ನ ಅಪ್ಪನ ಫೋಟೋ ನೋಡಿ ನಾನೂ ಮರುಳಾದೆ. ಆಮೇಲೆ ಬಂದದ್ದು ಯಾರು?"

ಶೋಭಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ಗ್ರಾಫಿಕ್ಸ್ ನೋಡಬೇಕು ಅಮ್ಮ ನೀವು" ಅಂದ ಮಗ.

"ಬೇರೆಯವರ ಮನೆಗೆ ಹೇಳದೆ ಕೇಳದೆ ಬಾಗಿಲು ತೆಗೆದು ಹೋಗುವುದು ಎಂತ ಆಟ? ಪೊಲೀಸಿನವರು ಹಿಡಿದರೆ?"

"ಹಿಡಿಯುತ್ತಾರೆ. ಅದೇ ಆಟ."

"ಕೇಳಿದೆಯಾ ಹಮೀದ್? ಈ ದೇಶದಲ್ಲಿ ಇರಲು ಇಕಾಮಾದ ಕಾರ್ಡು ಇಟ್ಟುಕೊಂಡು ದುಡಿಯುವ ಮನುಷ್ಯ, ಪೊಲೀಸಿನವರಿಂದ ಓಡುವ ಅಭ್ಯಾಸ ಮಾಡುತ್ತಾನಂತೆ. ಮತ್ತೆ, ನಿನ್ನ ಗೇಮು ಎಷ್ಟು ಜನ ಆಡುವುದು?"

ಸುಧಾಕರ ಗಂಟಲು ಸರಿಮಾಡಿಕೊಂಡ. "ಒಬ್ಬರೇ."

"ನಮ್ಮದರಲ್ಲಿ ಇಬ್ಬರು. ಒಬ್ಬಳು ಅಗೆಯುವಾಗ ಇನ್ನೊಬ್ಬಳು ಬಿತ್ತಬಹುದು. ನೀನು ಒಬ್ಬನೇ ಕಾರು ಓಡಿಸು, ಮಗಳು ಪಕ್ಕದಲ್ಲಿ ಕೂತು ನಿನ್ನ ಬೋಳು ತಲೆ ನೋಡಲಿ."

ತನ್ವಿ ಸೋಫಾದ ಮೇಲೆ ಹತ್ತಿ ಚಪ್ಪಾಳೆ ಹೊಡೆದಳು. ಹಮೀದ್ ತಲೆ ಅಲ್ಲಾಡಿಸಿ, "ಸುಧಾಕರಾ, ಅಕ್ಕನ ಮಾತಿಗೆ ಉತ್ತರ ಇಲ್ಲ ಮಾರಾಯ" ಅಂದ. ಗೆಲುವು ನನ್ನ ಮಡಿಲಲ್ಲಿ. ಸೇತುವೆಯ ಆಚೆಯ ಹೊಗೆ ನನಗೆ ಕಾಣುತ್ತಿತ್ತು. ಹುಂಜ ಕೂಗಿದ್ದೂ ಕೇಳಿಸಿತು. ಇನ್ನೊಂದು ಮಾತು ಹೇಳಿ ಮುಗಿಸುವಾ ಅಂತ ಬಾಯಿ ತೆರೆದೆ.

ಆಗ ಸುಧಾಕರ ಸ್ಟೀಲ್ ಲೋಟ ಎತ್ತಿಕೊಂಡ. ಚಮಚದಲ್ಲಿ ಅದಕ್ಕೆ ತಟ್ಟಿದ. ಟಿಣ್, ಟಿಣ್, ಟಿಣ್. ಕಣ್ಣು ಮುಚ್ಚಿ, ಕಿವಿಗೆ ಕೈ ಇಟ್ಟು, ನಮ್ಮ ಊರಿನ ಭಾಗವತರ ಧಾಟಿಯಲ್ಲೇ ದೀರ್ಘವಾಗಿ "ಆ..." ಅಂತ ಸೋಲಿನ ಪದ್ಯದ ರಾಗ ಎತ್ತಿದ.

ನನ್ನ ಬಾಯಿಯಲ್ಲಿದ್ದ ಮಾತು ಅಲ್ಲೇ ನಿಂತಿತು. ಎರಡೂ ಕೈ ತಮ್ಮಷ್ಟಕ್ಕೆ ಮೇಲೆ ಬಂದವು. ತಲೆ ಬಗ್ಗಿತು. ಕಂಚಿನ ಕಂಠದಲ್ಲಿ, ಎದುರು ಫ್ಲ್ಯಾಟಿಗೂ ಕೇಳುವ ಹಾಗೆ ಹೇಳಿಬಿಟ್ಟೆ. "ಸೋತೆ. ಶರಣು ಬಂದಿದ್ದೇನೆ. ನಿನ್ನ ಮಾತೇ ನಡೆಯಲಿ."

ಸುಧಾಕರ ಲೋಟ ಕೆಳಗಿಟ್ಟ.

"ಅಕ್ಕ ಒಪ್ಪಿಕೊಂಡರಲ್ಲ" ಅಂದ ಹಮೀದ್ ಮೆಲ್ಲಗೆ. "ಇನ್ನು ನಾನು ಎಂತ ತೀರ್ಪು ಕೊಡುವುದು?"

"ನಾನು ಒಪ್ಪಲಿಲ್ಲ ಹಮೀದ್, ಒಪ್ಪಿದ್ದು ಆ ರಾಜ" ಅಂದೆ. ಯಾವ ರಾಜ ಅಂತ ಅವನು ಕೇಳಿದ. ತನ್ವಿ ಸೋಫಾದಿಂದ ಇಳಿದು, ಯಾರೂ ಹೇಳಿಕೊಡದೆ ಮೊದಲ ಸಲ ಅಚ್ಚ ಕನ್ನಡದಲ್ಲಿ ಮಾತಾಡಿದಳು. "ಅಜ್ಜಿ, ನಿಮಗೆ ತಲೆ ಸರಿ ಇಲ್ಲ."

ಸುಧಾಕರ ಅಲ್ಲೇ ಕೂತು ಮೊಬೈಲಿನಲ್ಲಿ ಬುಕ್ ಮಾಡಿದ. ವಾರ ಕಳೆಯಲಿಲ್ಲ, ಗೇಮು ಮೂರನೇ ಸಲ ಮುಂದೆ ಹೋಯಿತು ಅಂತ ಸುದ್ದಿ ಬಂತು. ಟ್ರೈಲರು ಮಾತ್ರ ಅವನು ಈಗಲೂ ನೋಡುತ್ತಾನೆ. ಮಳೆ ನೋಡಲು ಹಮೀದ್ ಕೂಡ ಬಂದು ಪಕ್ಕದಲ್ಲಿ ಕೂರುತ್ತಾನೆ.

ನಾನು, ತನ್ವಿ ಡೆಮೋವನ್ನೇ ಆಡುತ್ತಾ ಇದ್ದೇವೆ. ಗದ್ದೆ ಅಗೆಯುವುದು, ಗೂಡು ಕಟ್ಟುವುದು, ಹುಂಜವನ್ನು ಕಂಕುಳಲ್ಲಿ ಇಟ್ಟುಕೊಂಡು ಸೇತುವೆಗೆ ಹೋಗುವುದು. ಆಚೆ ಹೊಗೆ ಏಳುತ್ತಲೇ ಉಂಟು. ಕಾಲಿಟ್ಟ ಕೂಡಲೇ ಟಿಣ್ ಟಿಣ್. ಮೊನ್ನೆ ಆ ರಾಗಕ್ಕೂ ನನ್ನ ಕೈ ಎರಡೂ ಮೇಲೆ ಬಂದು ರಿಮೋಟು ನೆಲಕ್ಕೆ ಬಿತ್ತು, ಒಂದು ಕೊಂಬು ಮುರಿಯಿತು.

ಈಗ ಸೇತುವೆ ಹತ್ತಿರ ಬಂದ ಕೂಡಲೇ ತನ್ವಿ ಕೈ ಚಾಚುತ್ತಾಳೆ. "ಅಜ್ಜಿ, ಮೊದಲು ರಿಮೋಟ್ ನನಗೆ ಕೊಡಿ. ಆಮೇಲೆ ಸೋಲಿ."