ಪಾಲಾಗದ ಕಾರು

ಮನೆತನದ ಸೊತ್ತನ್ನು ಪಾಲು ಮಾಡುವುದು ಬಹಳ ಕಷ್ಟವೆಂದು ಜನ ಹೇಳುತ್ತಾರೆ. ನಾನು ಕಂಡ ಮಟ್ಟಿಗೆ ಪಾಲು ಮಾಡುವುದು ಸುಲಭ. ಪಾಲಾಗದೆ ಉಳಿದದ್ದರ ಜೊತೆ ಬಾಳುವುದೇ ಕಷ್ಟ. ಪಂಜದ ನಮ್ಮ ಮನೆಯಲ್ಲಿ ಅಜ್ಜ ತೀರಿಕೊಂಡ ಮೇಲೆ ಅಪ್ಪನಿಗೂ ಚಿಕ್ಕಪ್ಪನಿಗೂ ಗದ್ದೆ, ತೋಟ, ಹಟ್ಟಿಯ ದನ ಎಲ್ಲವೂ ಪಾಲಾದವು. ನೀರು ಕಾಯಿಸುವ ದೊಡ್ಡ ಹಂಡೆ ಒಂದೇ ಇದ್ದುದರಿಂದ ಅದು ನಮಗೆ, ಬದಲಿಗೆ ಹಿತ್ತಾಳೆಯ ಉರುಳಿಗಳು ಚಿಕ್ಕಪ್ಪನಿಗೆ ಎಂದಾಯಿತು. ಕಾರಿಗೆ ಮಾತ್ರ ಬದಲಿ ಸಿಗಲಿಲ್ಲ. ಸಂಪಾಜೆಯ ಕಡೆ ತೋಟ ಮಾಡಿದ್ದ ಒಬ್ಬ ಬಿಳಿ ದೊರೆ ತನ್ನ ದೇಶಕ್ಕೆ ಮರಳುವಾಗ ಅಜ್ಜನಿಗೆ ಬಿಟ್ಟುಹೋದ ಕಾರು ಅದು. ನನಗಿಂತ ವಯಸ್ಸಿನಲ್ಲಿ ಹಿರಿಯದು. ಬಟ್ಟೆಯ ಹುಡ್ಡು, ಮರದ ಕಡ್ಡಿಗಳ ಚಕ್ರ, ಮೂತಿಗೆ ಹ್ಯಾಂಡಲ್ ಹಾಕಿ ತಿರುಗಿಸಿದರೆ ಮಾತ್ರ ಜೀವ. ಪಾಲು ಮಾಡಲು ಬಂದ ಹಿರಿಯರು ಅದಕ್ಕೊಂದು ಸುತ್ತು ಬಂದು, "ಇದು ಇಬ್ಬರಿಗೂ ಇರ್ಲಿ" ಎಂದು ಹೇಳಿ ಊಟಕ್ಕೆ ಎದ್ದರು.

ಮರುವರ್ಷದ ಬೇಸಿಗೆಯಲ್ಲಿ ತೋಡಿನ ನೀರು ಯಾರ ತೋಟಕ್ಕೆ ಮೊದಲು ಹೋಗಬೇಕೆಂಬ ವಿಷಯದಲ್ಲಿ ಅಣ್ಣತಮ್ಮಂದಿರ ಮಾತು ನಿಂತಿತು. ಆದರೆ ಇಬ್ಬರಿಗೂ ಕಾರಿನ ಹುಚ್ಚು ನಿಲ್ಲಲಿಲ್ಲ. ಆದಿತ್ಯವಾರ ಬಂತೆಂದರೆ ಎರಡು ಮನೆಗಳ ನಡುವಿನ ಕಾರಿನ ಕೊಟ್ಟಿಗೆಗೆ ಅಪ್ಪ ಒಂದು ಕಡೆಯಿಂದ, ಚಿಕ್ಕಪ್ಪ ಇನ್ನೊಂದು ಕಡೆಯಿಂದ ಬಂದು ಸೇರುತ್ತಿದ್ದರು. ಅಮ್ಮ ಸೀಟಿನ ಹರಿದ ಚರ್ಮ ಹೊಲಿಯುತ್ತಿದ್ದಳು, ಚಿಕ್ಕಮ್ಮ ಹಿತ್ತಾಳೆಯ ದೀಪಗಳಿಗೆ ಹುಣಸೆಹುಳಿ ಹಾಕಿ ತಿಕ್ಕುತ್ತಿದ್ದಳು. ಪಂಜದ ಶಾಲೆಯಲ್ಲಿ ಆಗಷ್ಟೇ ಮಾಷ್ಟ್ರಾಗಿದ್ದ ನನಗೆ ಬೇರೆಯೇ ಕೆಲಸ. "ಸಣ್ಣ ಸ್ಪಾನರ್ ಎಲ್ಲಿ ಉಂಟು ಅಂತ ಅವರತ್ರ ಕೇಳು" ಎಂದು ಅಪ್ಪ ನನಗೆ ಹೇಳುತ್ತಿದ್ದರು. "ಅವರ ಕಾಲಿನ ಬುಡದಲ್ಲೇ ಉಂಟು ಅಂತ ಹೇಳು" ಎಂದು ಚಿಕ್ಕಪ್ಪನೂ ನನಗೇ ಹೇಳುತ್ತಿದ್ದರು. ಒಂದೇ ಬಾನೆಟ್ಟಿನ ಒಳಗೆ ಇಬ್ಬರ ತಲೆ; ಆದರೂ ನಾನು ಬಾಯಿ ತೆರೆಯುವ ತನಕ ಇಬ್ಬರಿಗೂ ಕಿವಿ ಕೇಳಿಸುತ್ತಿರಲಿಲ್ಲ. ತಮ್ಮನನ್ನು 'ಅವರು' ಎನ್ನುವುದರಲ್ಲೇ ಅಪ್ಪನ ಸಿಟ್ಟೆಲ್ಲ ಇತ್ತು.

ಅಜ್ಜಿಯೂ ಪಾಲಾಗಿದ್ದಳು: ಒಂದು ತಿಂಗಳು ನಮ್ಮಲ್ಲಿ, ಒಂದು ತಿಂಗಳು ಚಿಕ್ಕಪ್ಪನಲ್ಲಿ. ಅದರ ಬಗ್ಗೆ ಅವಳು ಯಾರಲ್ಲೂ ಏನೂ ಹೇಳಿದವಳಲ್ಲ. ಆದಿತ್ಯವಾರ ಮಾತ್ರ ತಪ್ಪದೆ ಕೊಟ್ಟಿಗೆಯ ಹೊಸ್ತಿಲಲ್ಲಿ ಬಂದು ಕೂರುತ್ತಿದ್ದಳು. ಕಾರಿನ ಮೇಲೆ ಅವಳಿಗೆ ಇಷ್ಟು ಪ್ರೀತಿ ಯಾಕೆಂದು ನನಗೆ ಆಶ್ಚರ್ಯವಾಗುತ್ತಿತ್ತು. ಇಬ್ಬರು ಮಕ್ಕಳನ್ನು ಒಟ್ಟಿಗೆ ನೋಡಲು ಅವಳಿಗೆ ಬೇರೆ ಜಾಗವಿರಲಿಲ್ಲವೆಂಬುದು ಮಾಷ್ಟ್ರ ತಲೆಗೆ ತಡವಾಗಿ ಹೊಳೆಯಿತು.

ಒಂದು ದಿನ ಬೆಳಗ್ಗೆ ಅಜ್ಜಿಗೆ ಹೊಟ್ಟೆನೋವು ಬಂತು, ಜ್ವರವೂ ಏರಿತು. ಊರಿನ ವೈದ್ಯರು ಹೊಟ್ಟೆ ಮುಟ್ಟಿ ನೋಡಿ, "ನನ್ನ ಕೈಲಾಗುದಿಲ್ಲ. ಈಗಲೇ ಪುತ್ತೂರಿಗೆ ಕರ್ಕೊಂಡು ಹೋಗಿ" ಎಂದರು. ಬೆಳಗಿನ ಬಸ್ಸು ಹೋಗಿ ಆಗಿತ್ತು. ಕಾರಿನ ಕಾರ್ಬೊರೇಟರು ಬಿಚ್ಚಿಟ್ಟ ಸ್ಥಿತಿಯಲ್ಲಿ ಸೀಮೆಎಣ್ಣೆಯ ಬೋಗುಣಿಯಲ್ಲಿ ಬಿದ್ದಿತ್ತು. ಅಪ್ಪ ಕೊಟ್ಟಿಗೆಗೆ ಓಡಿದರು, ಆಚೆಯಿಂದ ಚಿಕ್ಕಪ್ಪನೂ ಓಡಿ ಬಂದರು. ನನ್ನ ಮೂಲಕ ಒಂದು ಮಾತೂ ಹೋಗಲಿಲ್ಲ. ಅಪ್ಪ ಕೈ ಚಾಚುವ ಮೊದಲೇ ಬೇಕಾದ ಸಾಮಾನು ಅವರ ಕೈಗೆ ಬರುತ್ತಿತ್ತು. ಅಜ್ಜಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಅವಳ ತಲೆಯನ್ನು ನನ್ನ ತೊಡೆಯ ಮೇಲಿಟ್ಟರು. ಚಿಕ್ಕಪ್ಪ ಹ್ಯಾಂಡಲ್ ತಿರುಗಿಸಿದರು, ಅಪ್ಪ ಚುಕ್ಕಾಣಿ ಹಿಡಿದರು.

ದಾರಿಯ ದೊಡ್ಡ ಚಡಾವಿನ ಏರಿನಲ್ಲಿ ಕಾರು ಕೆಮ್ಮಿ ನಿಂತಿತು. ಅದರ ಪೆಟ್ರೋಲ್ ಟ್ಯಾಂಕಿ ಇದ್ದದ್ದು ಮುಂದಿನ ಸೀಟಿನ ಅಡಿಯಲ್ಲಿ. ಅಲ್ಲಿಂದ ಪೆಟ್ರೋಲು ತಾನಾಗಿ ಇಳಿದು ಇಂಜಿನ್ನಿಗೆ ಹೋಗಬೇಕು. ಏರು ಕಡಿದಾದರೆ ಇಂಜಿನ್ನೇ ಮೇಲಾಗಿ ಪೆಟ್ರೋಲು ಹೋಗುವುದಿಲ್ಲ. ಅಂಥ ಏರನ್ನು ಕಾರು ತಿರುಗಿಸಿ ಹಿಮ್ಮುಖವಾಗಿಯೇ ಹತ್ತಬೇಕು. ಅಪ್ಪ ತಿರುಗಿಸಿದರು. ಒಂದು ಬದಿ ಬರೆಯ ಮಣ್ಣುಗೋಡೆ, ಇನ್ನೊಂದು ಬದಿ ಆಳ ತಗ್ಗು. ಆಸ್ಪತ್ರೆಗೆಂದು ಹಿಂದೆ ಕಟ್ಟಿದ್ದ ಹಾಸಿಗೆಯ ಸುರುಳಿ ಅಡ್ಡವಾಗಿ ಅಪ್ಪನಿಗೆ ಹಿಂದಿನದ್ದೇನೂ ಕಾಣುತ್ತಿರಲಿಲ್ಲ. ಚಿಕ್ಕಪ್ಪ ಇಳಿದು ಕಾರಿನ ಹಿಂದೆ ನಡೆಯುತ್ತಾ ದಾರಿ ಹೇಳತೊಡಗಿದರು, ಎಂದಿನಂತೆ ನನಗೆ. "ಬಲಕ್ಕೆ ಅಂತ ಹೇಳು" ಎಂದರು. ಇಂಜಿನ್ನಿನ ಸದ್ದಿನಲ್ಲಿ ಅರ್ಧ ಕೇಳಿಸಿತು. ಹಿಂದಕ್ಕೆ ಹೋಗುವಾಗ ಯಾರ ಬಲ ಎಂದು ನಾನು ಯೋಚಿಸುತ್ತಿರುವಾಗಲೇ ಚಕ್ರದ ಬುಡದಿಂದ ಕಲ್ಲುಗಳು ತಗ್ಗಿಗೆ ಉರುಳುವ ಸದ್ದಾಯಿತು.

"ಅಣ್ಣಾ, ನಿಲ್ಸು. ನಿಲ್ಸು ಅಣ್ಣಾ."

ಅಪ್ಪ ಬ್ರೇಕ್ ತುಳಿದರು. ಆಮೇಲೆ ಅಪ್ಪ ತಲೆ ತಿರುಗಿಸದೆ, "ಎಷ್ಟು ಜಾಗ ಉಂಟು?" ಎಂದು ಕೇಳಿದರು.

"ಒಂದು ಗೇಣು. ಸ್ವಲ್ಪ ಮುಂದೆ ಇಳ್ಸಿ ಆಮೇಲೆ ನಿನ್ನ ಬಲಕ್ಕೆ ತಿರುಗ್ಸು."

"ನೀನು ಆ ಅಂಚಲ್ಲಿ ನಿಲ್ಬೇಡ ಮಾರಾಯ."

ಹಾಗೆ ಒಂದೊಂದೇ ಮಾತಿಗೆ ಒಂದೊಂದು ಮಾರು ಹತ್ತುತ್ತಾ ಕಾರು ಮೇಲೆ ತಲುಪಿತು. ಅಜ್ಜಿ ಕಣ್ಣು ಮುಚ್ಚಿಕೊಂಡೇ ನನ್ನ ಕೈ ಹಿಡಿದು, "ಅವ ಅಣ್ಣ ಅಂತ ಹೇಳಿದ್ನಾ?" ಎಂದು ಕೇಳಿದಳು.

"ಹೌದು ಅಜ್ಜಿ."

"ನಾನು ಜ್ವರಕ್ಕೆ ಹಾಗೆ ಕೇಳಿದ್ದು ಅಂತ ಎಣಿಸಿದೆ."

ಪುತ್ತೂರಿನ ಆಸ್ಪತ್ರೆಯಲ್ಲಿ ಅವಳ ಹೊಟ್ಟೆ ಕೊಯ್ದು ಹೊಲಿದರು. ಇನ್ನೊಂದಿಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಆ ಮಾತು ಕೇಳಿ ಹೊರಗಿನ ಬೆಂಚಿನಲ್ಲಿ ಕೂತ ಅಣ್ಣತಮ್ಮಂದಿರು ಬಹಳ ಹೊತ್ತು ಏಳಲಿಲ್ಲ. ಇಬ್ಬರ ಕೈಯಲ್ಲೂ ಇನ್ನೂ ಗ್ರೀಸಿತ್ತು.

ಅಜ್ಜಿ ಗುಣವಾಗಿ ಬಂದಳು. ಇನ್ನೂ ಕೆಲವು ವರ್ಷ ಬದುಕಿದಳು. ಅಣ್ಣತಮ್ಮಂದಿರು ಮೊದಮೊದಲು ಕಾರಿನ ವಿಷಯ ಮಾತ್ರ ಮಾತಾಡುತ್ತಿದ್ದರು. ತೋಡಿನ ನೀರಿನ ತಕರಾರು ಟಯರು, ಟ್ಯೂಬುಗಳ ಮಾತಿನ ನಡುವೆ ಯಾವಾಗ ತೀರಿಹೋಯಿತೋ, ಅಲ್ಲೇ ನಿಂತಿದ್ದ ನನಗೂ ತಿಳಿಯಲಿಲ್ಲ. ಮಾತು ದಾಟಿಸುವ ನನ್ನ ಕೆಲಸವಂತೂ ಹೋಯಿತು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಒಂದು ಆದಿತ್ಯವಾರ ಇಬ್ಬರೂ ಕಾರಿನ ಅಡಿಯಲ್ಲಿ ಮಲಗಿಕೊಂಡೇ ಕೋಡಿಂಬಾಳದ ಕಡೆಯ ಒಂದು ಸಂಬಂಧವನ್ನು ನನಗೆ ನಿಶ್ಚಯ ಮಾಡಿಬಿಟ್ಟರು. "ಅವನತ್ರ ಒಂದು ಮಾತು ಕೇಳುದಾ ಅಣ್ಣಾ?" ಎಂದರು ಚಿಕ್ಕಪ್ಪ. "ಅವನತ್ರ ಎಂತ ಕೇಳುದು? ನೀನು ಆ ನಟ್ಟು ಬಿಗಿ ಮಾಡು" ಎಂದರು ಅಪ್ಪ.

ಹುಡುಗಿ ನೋಡಲು ಅದೇ ಕಾರಿನಲ್ಲಿ ಹೋದೆವು. ನಾನು ಇಸ್ತ್ರಿ ಹಾಕಿದ ಅಂಗಿ ಮುದುಡದ ಹಾಗೆ ನೆಟ್ಟಗೆ ಕೂತಿದ್ದೆ. ಮದುವೆಯಾಗಿ ಬಹಳ ಕಾಲದ ಮೇಲೆ ಧೈರ್ಯ ಮಾಡಿ, ಆ ದಿನ ನಾನು ಹೇಗೆ ಕಂಡಿದ್ದೆ ಎಂದು ಹೆಂಡತಿಯನ್ನು ಕೇಳಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿ ನಿಜವಾಗಿಯೂ ಯೋಚಿಸಿದಳು.

"ಅಂಗಳಕ್ಕೆ ಕಾರು ಬಂದದ್ದು ನೆನಪುಂಟು. ಮಾವನೂ ಚಿಕ್ಕ ಮಾವನೂ ಇಳಿದು ಬಾನೆಟ್ಟು ತೆಗೆದದ್ದೂ ನೆನಪುಂಟು," ಎಂದಳು. "ನೀವು ಆ ದಿವಸ ಬಂದಿದ್ರಾ?"