ಹಾದಿ ಮುಚ್ಚಿದೆ, ಬಾಯಿ ಮುಚ್ಚಲಿಲ್ಲ

ಕೋರ್ಟಿನಲ್ಲಿ ಗೆಲ್ಲುವುದು ಬಾವಿ ತೋಡುವುದಕ್ಕಿಂತ ಕಷ್ಟವಿರಲಾರದು ಎಂದು ನಾನು ತಿಳಿದಿದ್ದೆ. ಬಾವಿಯನ್ನು ನಾನು ಕೈಯಾರೆ ತೋಡಿದವನು. ನಾಲ್ಕನೆಯ ಇಯತ್ತೆಗೇ ಸಾಲೆ ಬಿಟ್ಟು ಎತ್ತಿನ ಬಾಲ ಹಿಡಿದೆ. ಇಂಡಿ ತಾಲೂಕಿನ ನಮ್ಮ ಊರಿನಲ್ಲಿ ಕಲ್ಲು ಒಡೆದು ನೀರು ತೆಗೆದು, ಆ ನೀರಿನ ಮೇಲೆ ನಿಂಬೆಯ ತೋಟ ಮಾಡಿದೆ. ಇಂಥವನನ್ನು ಕರಿ ಕೋಟು ತೊಟ್ಟವರು ಏನು ಮಾಡಿಯಾರು?

ಜಗಳ ಒಂದು ಹಾದಿಯದು. ನನ್ನ ಹೊಲದ ಬದುವಿಗೆ ಹತ್ತಿಕೊಂಡೇ ಒಂದು ಹಳೆಯ ಬಂಡಿ ಹಾದಿ ಇತ್ತು. ಊರಿನಿಂದ ಹೊರಟು, ನನ್ನ ತೋಟದ ಪಕ್ಕ ಹಾದು, ಹಿಂದಿನ ಹೊಲಗಳನ್ನು ದಾಟಿ, ಆಚೆ ಸಿಂದಗಿ ರಸ್ತೆಗೆ ಕೂಡುತ್ತಿತ್ತು. ಡಾಂಬರು ರಸ್ತೆ ಬೇರೆ ಕಡೆ ಬಂದ ಮೇಲೆ ಅಲ್ಲಿ ಓಡಾಡುವವರು ಕಡಿಮೆಯಾದರು. ಆದರೆ ಓಡಾಡುವ ಪ್ರತಿಯೊಬ್ಬನಿಗೂ ಸರಿಯಾಗಿ ನನ್ನ ತೋಟದ ಎದುರಿಗೇ ನೀರಡಿಕೆಯಾಗುತ್ತಿತ್ತು. ನಿಂಬೆಹಣ್ಣು ಹರಿಯುವುದು, ಮೂಸುವುದು, ಕಿಸೆಗೆ ಹಾಕುವುದು. ಕೇಳಿದರೆ, "ಒಂದ ಹಣ್ಣಿಗೆ ಏನಾತೋ ಮಲ್ಲಣ್ಣ?" ಎನ್ನುವುದು. ಹಾದಿ ಇದ್ದರೆ ತಾನೆ ಹಾದಿಯ ಮಂದಿ? ಎರಡೂ ಕಡೆಗೆ ಜಾಲಿಮುಳ್ಳು ಬಡಿದು ಹಾದಿಯನ್ನು ಮುಚ್ಚಿದೆ. ಅಲ್ಲಿಯೂ ನಿಂಬೆ ಹಚ್ಚುವುದೆಂದು ನೇಗಿಲು ಹೂಡಿದೆ.

ಎಷ್ಟೋ ತಲೆಮಾರು ಬಂಡಿಗಾಲಿಗಳು ತುಳಿದ ನೆಲ ಅದು. ನೇಗಿಲಿನ ಕುಳ ಮುರಿಯಿತು. ಕಂಬಾರ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಏನ್ರಿ ಮಲ್ಲಣ್ಣ, ರಸ್ತಾ ಉಳಾಕತ್ತೀರೇನು?" ಎಂದು ಕೇಳಿದ. ಕಲ್ಲು ಹತ್ತಿತು ಎಂದೆ. ಆಮೇಲೆ ಹಾರೆಯಿಂದ ಕುಣಿ ತೋಡಿ ಸಸಿ ಹಚ್ಚಿದೆ. ಅರ್ಧಕ್ಕಿಂತ ಹೆಚ್ಚು ಒಣಗಿದವು. ನಾನು ಒಣಗಲಿಲ್ಲ.

ಹಿಂದಿನ ಹೊಲದ ಭೀಮರಾಯ ಮುಳ್ಳಿನ ಆಚೆ ಬಂದು ನಿಂತ. ಅವನು ನನ್ನ ಓರಗೆಯವನು.

"ಮಲ್ಲಣ್ಣ, ನನ್ನ ತೊಗರಿ ಮನಿಗೆ ಹ್ಯಾಂಗ ಒಯ್ಲೋ?"

"ತಲಿ ಮ್ಯಾಲ ಒಯ್ಯಿ."

"ಹಳ್ಳದಾಗ ಹಾದು ಹೋದ್ರ ಬಂಡಿ ಹುಗೀತೈತಿ. ನಾ ಕೋರ್ಟಿಗೆ ಹೋಗ್ತೇನಿ ನೋಡು."

"ಹೋಗು. ಅಲ್ಲಿಗೆ ಡಾಂಬರ ರಸ್ತಾನ ಐತಿ."

ಈ ಮಾತು ನನಗೆ ಬಹಳ ಸೇರಿತು. ವಾರವಿಡೀ ಊರಿನಲ್ಲಿ ಹೇಳಿಕೊಂಡು ತಿರುಗಿದೆ. ಅಷ್ಟರಲ್ಲಿ ಇಂಡಿ ಕೋರ್ಟಿನಿಂದ ನೋಟೀಸು ಬಂತು.

ನನ್ನ ಹೆಂಡತಿ ನೀಲವ್ವನ ಚಿಂತೆಯೇ ಬೇರೆ ಇತ್ತು. "ಹಾದಿ ಮುಚ್ಚಿದ್ರಿ, ಖರೆ. ಎಳ್ಳಮಾಸಿ ದಿನ ಊಟಕ್ಕ ಯಾರ್ನ ಕರೀತೀರಿ?"

ನಮ್ಮ ಕಡೆ ಎಳ್ಳಮಾವಾಸ್ಯೆಯ ದಿನ ಮನೆಯ ಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿ, ಬೆಳೆಗೆ ಚರಗ ಚೆಲ್ಲಿ, ಅಂದರೆ ಭೂಮಿತಾಯಿಗೆ ಎಡೆ ಎರಚಿ, ಆಮೇಲೆ ಊಟಕ್ಕೆ ಕೂಡುತ್ತೇವೆ. ಹೊಲದ ಮಗ್ಗುಲಿಗೆ ಹಾಯುವ ಯಾರನ್ನೂ ಉಣಿಸದೆ ಬಿಡಬಾರದು. ವೈರಿ ಹಾದರೂ ಕರೆಯಬೇಕು. ಆ ವರ್ಷ ವೈರಿಯೂ ಹಾಯಲಿಲ್ಲ. ಮುಳ್ಳಿನ ಬೇಲಿಯನ್ನು ನೋಡುತ್ತ ನಾವಿಬ್ಬರೇ ಉಂಡೆವು.

"ನನ್ನ ಲಗ್ನಾದಾಗಿಂದ ಬುಟ್ಟಿ ತುಂಬಿ ಹೊಳ್ಳಿ ಬಂದಿದ್ದು ಇದ ಮೊದಲ" ಎಂದಳು ನೀಲವ್ವ. ಅಷ್ಟೇ ಅಂದಳು. ಉಳಿದ ಶೇಂಗಾ ಹೋಳಿಗೆಯನ್ನು ಸಂಕ್ರಾಂತಿಯವರೆಗೆ ನನಗೇ ತಿನ್ನಿಸಿದಳು.

ದಾವೆ ನಡೆಯಿತು. ಊರ ನಕಾಶೆಯಲ್ಲಿ ಆ ಜಾಗದಲ್ಲಿ ಚುಕ್ಕಿ ಚುಕ್ಕಿಯ ಒಂದು ಗೆರೆ ಇತ್ತು. ಅದು ಹಾದಿ ಎಂದು ಅವರು, ನೊಣ ಕೂತ ಕಲೆ ಎಂದು ನಮ್ಮ ವಕೀಲರು. ಭೀಮರಾಯನ ಸಾಕ್ಷಿದಾರರಲ್ಲಿ ಒಬ್ಬ ಹಾದಿ ನನ್ನ ಹೊಲದ ಎಡಕ್ಕೆ ಎಂದ, ಇನ್ನೊಬ್ಬ ಬಲಕ್ಕೆ ಎಂದ. ಒಬ್ಬ ಊರಿನಿಂದ ಬರುವಾಗ, ಇನ್ನೊಬ್ಬ ಊರಿಗೆ ಹೋಗುವಾಗ ನೋಡಿದ್ದರಂತೆ. ನಮ್ಮ ವಕೀಲರು ಹಿಗ್ಗಿದರು. ನನ್ನನ್ನು ಎಸ್‌ಟಿಡಿ ಬೂತಿನ ಹಿಂದೆ ಕರೆದುಕೊಂಡು ಹೋದರು.

"ಮಲ್ಲಣ್ಣ, ಕೇಸು ನಮ್ಮ ಕಿಸೇದಾಗ ಐತಿ. ಇನ್ನ ನಿನ್ನ ಸಾಕ್ಷಿ ಒಂದ. ಎರಡ ಮಾತು ಹೇಳಬೇಕು. 'ಇಲ್ಲ', 'ಗೊತ್ತಿಲ್ಲ'. ಮೂರನೇದ್ದು ಬಾಯಾಗಿಂದ ಬಿತ್ತಂದ್ರ ನಾ ಜವಾಬ್ದಾರ ಅಲ್ಲ."

ಮನೆಯಲ್ಲಿ ತಾಲೀಮು ಶುರುವಾಯಿತು. ನೀಲವ್ವನನ್ನೇ ಎದುರಿನ ವಕೀಲರನ್ನಾಗಿ ನೇಮಿಸಿದೆ.

"ಚಾ ಕುಡಿತೀರೇನು?" ಎಂದು ಕೇಳಿದಳು ಅವಳು.

"ಇಲ್ಲ."

"ಮನ್ಯಾಗ ಹಾಲ ಐತೇನು?"

"ಗೊತ್ತಿಲ್ಲ."

"ಚಲೋ ಆತು" ಎಂದು ಒಲೆ ಆರಿಸಿದಳು. ಆ ದಿನ ನನಗೆ ಚಹಾ ಸಿಗಲಿಲ್ಲ. ಆದರೆ ಇಷ್ಟು ಗಟ್ಟಿಯಾದ ಸಾಕ್ಷಿದಾರ ತಾಲೂಕಿನಲ್ಲಿ ಇನ್ನೊಬ್ಬನಿಲ್ಲ ಎಂಬ ಧೈರ್ಯ ಸಿಕ್ಕಿತು.

ಸಾಕ್ಷಿಯ ದಿನ ಕಟಕಟೆಯಲ್ಲಿ ಎದೆ ಸೆಟೆಸಿ ನಿಂತೆ. ನಮ್ಮ ಊರಿನ ಮಂದಿ ಹಿಂದೆ ಕೂತಿದ್ದರು. ಅವರ ನಡುವೆ ನೀಲವ್ವ ಬುತ್ತಿಗಂಟು ಇಟ್ಟುಕೊಂಡು ಕೂತಿದ್ದಳು. ಎದುರಿನ ವಕೀಲರು ಹಣ್ಣಾದ ಮನುಷ್ಯ, ಮಾತು ಬೆಣ್ಣೆ.

"ನಿಮ್ಮ ಹೊಲದ ಬಾಜೂಕ ಬಂಡಿ ಹಾಯ್ತಾವೇನು?"

"ಇಲ್ರಿ."

"ಮಂದಿ?"

"ಇಲ್ರಿ."

"ದನಾ?"

"ಇಲ್ರಿ."

"ನಾಯಿ?"

"ಗೊತ್ತಿಲ್ರಿ."

ಜನ ನಕ್ಕರು. ನಮ್ಮ ವಕೀಲರು ಕಣ್ಣಿನಲ್ಲೇ ಶಹಬಾಸ್ ಎಂದರು. ಆ ಹಿರಿಯರು ಇನ್ನೇನು ಕೂಡಬೇಕು, ಏನೋ ನೆನಪಾದವರಂತೆ ಮತ್ತೆ ಎದ್ದರು.

"ಎಳ್ಳಮಾಸಿ ಮಾಡ್ತೀರೇನು?"

ಇದಕ್ಕೆ 'ಇಲ್ಲ' ಎನ್ನುವ ಒಕ್ಕಲಿಗ ಇನ್ನೂ ಹುಟ್ಟಿಲ್ಲ. "ಮಾಡ್ತೀವ್ರಿ" ಎಂದೆ.

"ಅಡಗಿ ಮನಿ ಮಂದಿಗಷ್ಟ ಮಾಡ್ತೀರಿ. ಹೊರಗಿನವರು ಯಾರೂ ಬರಂಗಿಲ್ಲ. ಹೌದಲ್ರಿ?"

ನಮ್ಮ ವಕೀಲರು ಕೆಮ್ಮಿದರು. ನಾನು ಅವರ ಕಡೆ ನೋಡಿದೆ.

"ನಿಮ್ಮ ತಂದೆಯವರ ಕಾಲದಾಗೂ ಹಾದಿ ಮಂದಿಗೆ ಒಂದ ಕಡಬು ಕೊಟ್ಟಿದ್ದಿಲ್ಲ. ಹಂಗ ಬರಸ್ಲಿ?"

ನ್ಯಾಯಾಧೀಶರು ಬರೆಸತೊಡಗಿದರು: "ಪ್ರತಿವಾದಿಯ ಮನೆತನದಲ್ಲಿ ಹಾದಿಹೋಕರಿಗೆ ಊಟ ಹಾಕುವ ಪದ್ಧತಿ ಇರುವುದಿಲ್ಲ..." ಟೈಪಿನ ಮಷೀನು ಟಕಟಕ ಎನ್ನತೊಡಗಿತು. ನಮ್ಮಪ್ಪ ಕೈಬಿಗಿಯ ಮನುಷ್ಯನೆಂದು ಸರಕಾರದ ಕಾಗದದ ಮೇಲೆ ಅಚ್ಚಾಗುತ್ತಿತ್ತು. ಹಿಂದೆ ನೋಡಿದೆ. ನೀಲವ್ವ ಸೆರಗನ್ನು ಬಾಯಿಗೆ ಹಿಡಿದು ನೆಲ ನೋಡುತ್ತಿದ್ದಳು.

"ನಿಂದರಸ್ರಿ ಆ ಮಷೀನ" ಎಂದೆ.

ಕೋರ್ಟು ನಿಂತಿತು.

"ಯಾರ ಉಂಡಿಲ್ಲಂತ ಹೇಳ್ತೀರಿ? ದೇವಣಗಾಂವಕ್ಕ ಹೋಗೂ ಮಂದಿ ಉಂಡಾರ. ಕುರುಬರು ಹಿಂಡ ನಿಂದರಿಸಿ ಉಂಡಾರ. ಬಳಿಗಾರರು ಮಲಾರ ಇಳಿಸಿ ಉಂಡಾರ. ಬಂಡಿ ಹಿಂದ ಬಂಡಿ ಸಾಲ ಹಚ್ಚಿ ನಿಂತಾವ್ರಿ. ಉಂಡ ಹೊರ್ತು ಮುಂದ ಬಿಡಂಗಿಲ್ಲಂತ ನಮ್ಮಪ್ಪ ನೊಗಾ ಹಿಡದ ನಿಂದರತಿದ್ದ. ನಾನೂ ಹಿಡದೇನಿ. ಸಜ್ಜಿ ಕಡಬು, ಎಣಗಾಯಿ, ಪುಂಡಿಪಲ್ಯೆ, ಅಗಸಿ ಹಿಂಡಿ. ಎಲ್ಲಾ ಬರಕೊಳ್ರಿ."

ನ್ಯಾಯಾಧೀಶರು ಮೆಲ್ಲಗೆ ಕೇಳಿದರು: "ಅಷ್ಟೊಂದು ಬಂಡಿಗಳು ನಿಮ್ಮ ಹೊಲದ ಹತ್ತಿರ ಹೇಗೆ ಬರುತ್ತಿದ್ದವು?"

"ಹ್ಯಾಂಗ ಬರ್ತಾವ್ರಿ ಸಾಹೇಬ್ರ? ಹಾದಿ ಹಿಡದ ಬರ್ತಾವ. ಬಂಡಿಗೆ ರೆಕ್ಕಿ ಇರ್ತಾವೇನು?"

ಹೇಳಿದ ಮೇಲೆ ಆ ಮಾತು ನನ್ನ ಕಿವಿಗೂ ಬಿತ್ತು. ನಮ್ಮ ವಕೀಲರು ಕನ್ನಡಕ ತೆಗೆದು ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು.

"ಈ ಭೀಮರಾಯರೂ ಉಂಡಾರೇನು?" ಎಂದು ಆ ಬೆಣ್ಣೆ ಮಾತಿನವರು ಕೇಳಿದರು.

ಇನ್ನು ಹಿಂದೆ ಸರಿಯುವುದೇನು? "ಉಂಡಾನ್ರಿ. ವರ್ಷಾ ವರ್ಷಾ ಉಂಡಾನ. ಎರಡೆರಡ ಸಲ ನೀಡಿಸಿಕೊಂಡ ಉಂಡಾನ. ಇಲ್ಲ ಅನ್ನಲಿ ನೋಡೂಣು."

ಭೀಮರಾಯ ಎದ್ದು ಕೈಮುಗಿದ. "ಇಲ್ಲ ಹ್ಯಾಂಗ ಅನ್ಲಿರಿ? ನೀಲವ್ವ ವೈನಿ ಮಾಡೂವಂಥಾ ಎಣಗಾಯಿ ಇಂಡಿ ತಾಲೂಕಿನಾಗ ಇಲ್ಲ."

ಹೊರಗೆ ಬೇವಿನ ಗಿಡದ ಕೆಳಗೆ ನಮ್ಮ ವಕೀಲರು ಸಿಕ್ಕರು. "ನಾ ಎರಡ ಮಾತು ಕಲಿಸಿದ್ನಿ. ನೀ ಪಂಗ್ತಿನ ಹಾಕಿಸಿದ್ಯಲ್ಲಪಾ."

"ಅಪ್ಪನ ಹೆಸರು ಕೆಡತಿತ್ರಿ."

"ಹೆಸರ ಉಳೀತು ಬಿಡು. ಹಾದಿ ಹೋತು."

ಬಸ್ ಸ್ಟ್ಯಾಂಡಿನವರೆಗೆ ನೀಲವ್ವ ಮುಂದೆ ಮುಂದೆ ನಡೆದಳು. ಅಲ್ಲಿಯ ಚಹಾದ ಅಂಗಡಿಯಲ್ಲಿ, ನನ್ನನ್ನು ಕೇಳದೆಯೇ, "ಎರಡ ಚಾ ಕೊಡಪಾ. ಇವರದಕ್ಕ ಸಕ್ಕರಿ ಜಾಸ್ತಿ ಹಾಕು" ಎಂದಳು. ದಾವೆಯಲ್ಲಿ ನನಗೆ ದಕ್ಕಿದ್ದು ಅಷ್ಟು.

ತೀರ್ಪಿನಲ್ಲಿ, ಸದರಿ ಹಾದಿಯು ಸಾರ್ವಜನಿಕವೆಂಬುದನ್ನು ವಾದಿಗಿಂತ ಪ್ರತಿವಾದಿಯೇ ಚೆನ್ನಾಗಿ ಸಾಬೀತುಪಡಿಸಿದ್ದಾನೆ ಎಂದು ಬರೆದಿದ್ದರಂತೆ. ಬೇಲಿ ಕೀಳಲು ಕೋರ್ಟಿನವರು ಬರುವುದಾಗಿ ಸುದ್ದಿ ಬಂತು. ನನ್ನ ಬೇಲಿಗೆ ಕೈಹಚ್ಚಲು ಅವರು ಯಾರು? ಅವರು ಬರುವ ಮೊದಲೇ ನಾನೇ ಕಿತ್ತೆ. ಬದುಕಿದ್ದ ಸಸಿಗಳನ್ನು ಮಣ್ಣಿನ ಹೆಂಟೆ ಸಮೇತ ಎತ್ತಿ ನನ್ನ ಬದುವಿನೊಳಗೆ ಹಚ್ಚಿದೆ. ಅಲ್ಲಿ ಒಂದೂ ಒಣಗಲಿಲ್ಲ, ದರಿದ್ರಗಳು.

ಮುಂದಿನ ಎಳ್ಳಮಾವಾಸ್ಯೆಗೆ ಆ ಹಾದಿ ಹಿಡಿದು ಮೊದಲು ಬಂದ ಬಂಡಿ ಭೀಮರಾಯನದು. ನಾನು ಆಕಾಶ ನೋಡುತ್ತ ನಿಂತೆ. "ಕೈ ಅಲ್ಲಿ ಹಿಡೀರಿ" ಎಂದು ನೀಲವ್ವ ನೊಗದ ಕಡೆ ತೋರಿಸಿದಳು. ಹೋಗಿ ಹಿಡಿದೆ. "ಉಂಡ ಹೊರ್ತು ಬಿಡಂಗಿಲ್ಲ" ಎಂದೆ. ಜಗಳದ ದನಿಯಲ್ಲೇ ಅಂದೆ.

ಅವನು ಎರಡು ಸಲ ನೀಡಿಸಿಕೊಂಡ. ಪಲ್ಯಕ್ಕೆ ಕೈ ಹಾಕಿ, "ಮಲ್ಲಣ್ಣ, ನಿಂಬಿಹಣ್ಣು ಐತೇನು?" ಎಂದ.

"ಗೊತ್ತಿಲ್ಲ" ಎಂದೆ.

ಅವನು ಕೂತಲ್ಲಿಂದಲೇ ಕೈ ಚಾಚಿ ತಲೆಯ ಮೇಲಿನ ನಿಂಬೆಯ ಟೊಂಗೆಯಿಂದ ಒಂದನ್ನು ಹರಿದುಕೊಂಡ.

ಮೇಲಿನ ಕೋರ್ಟಿಗೆ ಯಾಕೆ ಹೋಗಲಿಲ್ಲ ಎಂದು ಮಂದಿ ಈಗಲೂ ಕೇಳುತ್ತಾರೆ. ಹೆದರಿ ಬಿಟ್ಟೆನೆಂದು ತಿಳಿಯಬೇಡಿ. ಅಲ್ಲಿಯೂ ಯಾರಾದರೂ ಎದ್ದು ನಿಂತು ಅದೇ ಪ್ರಶ್ನೆ ಕೇಳುತ್ತಾರೆ, ನಾನು ಅದೇ ಉತ್ತರ ಕೊಡುತ್ತೇನೆ. ಮಾತು ಬದಲಿಸುವ ಕುಳ ನಾನಲ್ಲ. ಬದಲಿಸುವುದಾದರೆ ಒಂದೇ ಕಡೆ. ಇಂಡಿಯಲ್ಲಿ ಸಿಟ್ಟಿನ ಭರದಲ್ಲಿ ಶೇಂಗಾ ಹೋಳಿಗೆ ಹೇಳುವುದು ಬಿಟ್ಟುಹೋಗಿತ್ತು. ಅದನ್ನೂ ಬರೆಸುತ್ತೇನೆ.