ಪ್ರಧಾನಿಗಳೂ ನಮ್ಮತ್ತೆ ಟಿಫನ್ ಕ್ಯಾರಿಯರೂ

"ನಿಮ್ಮ ಆಫೀಸಲ್ಲಿ ಯಾವಾಗ್ಲೂ ಇಂಥವೇ ನಡೀತಿರುತ್ತಲ್ಲ, ಕೆಲಸ ಯಾವಾಗ ನಡೆಯುತ್ತೆ?" ಅಂತ ನಮ್ಮ ಯಜಮಾನರು ಆಗಾಗ ಕೇಳ್ತಿರ್ತಾರೆ. ಏನು ಮಾಡೋದು ಹೇಳಿ, ಆಫೀಸೇ ಅಂಥದ್ದು. ಪೆಸಿಫಿಕ್ ಸಾಗರದ ನಡುವೆ ಕೈಜಾರಿ ಚೆಲ್ಲಿದ ಅವಲಕ್ಕಿ ತರಹ ಒಂದಿಷ್ಟು ದ್ವೀಪಗಳು, ಅವೆಲ್ಲ ಸೇರಿ ಒಂದು ದೇಶ. ಹೆಸರು ಬೇಡ, ಪಾಪ, ಒಳ್ಳೆ ಜನ. ಆ ದೇಶದ ರಾಯಭಾರ ಕಚೇರಿ ಅಂದ್ರೆ ವಾಷಿಂಗ್ಟನ್ನಿನ ಒಂದು ಕಟ್ಟಡದಲ್ಲಿ ಎರಡು ರೂಮು. ರಾಯಭಾರಿ ಒಬ್ಬರು, ಅವರ ಸಹಾಯಕ ಒಬ್ಬ, ಆಫೀಸ್ ಮ್ಯಾನೇಜರ್ ಅಂತ ನಾನು. ಮೈಸೂರಲ್ಲಿ ಹುಟ್ಟಿ, ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿ ಸಂಸಾರ ಮಾಡಿ, ಮಗಳು ಕಾಲೇಜಿಗೆ ಹೋದ ಮೇಲೆ ಮನೇಲಿ ಸುಮ್ನೆ ಕೂರಕ್ಕಾಗದೆ ಹಿಡಿದ ಕೆಲಸ ಇದು. ಪ್ರಧಾನಮಂತ್ರಿ ಅನ್ನೋ ಹುದ್ದೆಯನ್ನ ಇಷ್ಟು ಹತ್ತಿರದಿಂದ ನೋಡ್ತೀನಿ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ. ನೋಡಿದ ಮೇಲೆ ಅದರ ಮೇಲಿದ್ದ ಭಯ ಹೋಯ್ತು. ಗೌರವ ಮಾತ್ರ ಜಾಸ್ತಿ ಆಯ್ತು, ಅದು ಹೇಗೆ ಅಂತ ಹೇಳ್ತೀನಿ ಕೇಳಿ.

ಯಾರ್ರೀ ಮಾತಾಡೋದು?

ನಾನು ಸೇರಿದ ಸ್ವಲ್ಪ ದಿನಕ್ಕೇ ಕೋವಿಡ್ ಬಂತು. ಆಫೀಸ್ ಮುಚ್ಚಿ, ಆಫೀಸ್ ಫೋನು ನನ್ನ ಸೆಲ್‌ಗೆ ಬರೋ ಹಾಗೆ ಮಾಡಿದ್ರು. ಅದರ ಜೊತೆಗೆ ದಿನವಿಡೀ ಸ್ಕ್ಯಾಮ್ ಕಾಲ್‌ಗಳು. ನಿಮ್ಮ ಕಾರ್ ವಾರಂಟಿ ಮುಗೀತು, ನಿಮ್ಮ ಮೇಲೆ ಅರೆಸ್ಟ್ ವಾರೆಂಟ್ ಇದೆ, ಒಂದಾ ಎರಡಾ. ಒಂದಿನ ಒಗ್ಗರಣೆ ಹಾಕ್ತಿದ್ದಾಗ ಫೋನ್ ಬಂತು. ಗಡಸು ಧ್ವನಿ. "ಗುಡ್ ಮಾರ್ನಿಂಗ್. ನಾನು ಪ್ರಧಾನಮಂತ್ರಿ ಮಾತಾಡ್ತಿರೋದು."

"ಬಹಳ ಸಂತೋಷ" ಅಂದು ಕಟ್ ಮಾಡಿದೆ.

ಮತ್ತೆ ಬಂತು. ಕಾಲೇಜು ಮುಚ್ಚಿ ಮನೆಗೆ ಬಂದಿದ್ದ ಮಗಳು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ಅಮ್ಮಾ, ದಟ್ಸ್ ಟೋಟಲಿ ಎ ಸ್ಕ್ಯಾಮ್. ಜಸ್ಟ್ ಬ್ಲಾಕ್ ಮಾಡು" ಅಂದ್ಲು. ಮಾಡಿದೆ.

ಮಾರನೇ ದಿನ ರಾಯಭಾರಿಗಳು ಫೋನ್ ಮಾಡಿ ಬಹಳ ಮೆಲ್ಲಗೆ ಕೇಳಿದ್ರು: "ನೀವು ನಮ್ಮ ಪ್ರಧಾನಿಗಳನ್ನ ಬ್ಲಾಕ್ ಮಾಡಿದ್ದೀರಾ?"

ಪ್ರಧಾನಮಂತ್ರಿ ಅನ್ನೋರು ತಾವೇ ಫೋನ್ ತಿರುಗಿಸ್ತಾರೆ ಅಂತ ಯಾರಿಗೆ ಗೊತ್ತು? ಆಮೇಲೆ ತಿಳೀತು, ಆ ದೇಶದಲ್ಲಿ ಅವರೇ ಫೋನ್ ಮಾಡ್ತಾರೆ, ಭಾನುವಾರ ಮೀನೂ ಅವರೇ ಹಿಡೀತಾರೆ ಅಂತ. ನಾನೇ ಫೋನ್ ಮಾಡಿ ಸಾರಿ ಸಾರಿ ಅಂತ ಬಡ್ಕೊಂಡೆ. ಆ ಕಡೆಯಿಂದ ದೊಡ್ಡ ನಗು. ಅವರ ದ್ವೀಪಗಳಲ್ಲೂ ದೊಡ್ಡ ಹೆಂಗಸರಿಗೆಲ್ಲ ಆಂಟಿ ಅಂತಲೇ ಅನ್ನೋದಂತೆ.

"ಪರವಾಗಿಲ್ಲ ಆಂಟಿ. ನನ್ನ ಬಾಯಿ ಮುಚ್ಚಿಸೋಕೆ ನಮ್ಮ ವಿರೋಧ ಪಕ್ಷದೋರು ವರ್ಷಗಟ್ಟಲೆಯಿಂದ ಒದ್ದಾಡ್ತಿದ್ದಾರೆ. ನೀವು ಒಂದು ಬಟನ್ ಒತ್ತಿ ಮುಗಿಸಿಬಿಟ್ರಿ!"

ಪ್ರಧಾನಿ ಅಂತ ಹೇಳ್ಕೊಂಡು ಯಾರು ಫೋನ್ ಮಾಡಿದ್ರೂ ಇನ್ನು ಕಟ್ ಮಾಡಲ್ಲ ಅಂತ ಅವತ್ತು ನಿರ್ಧಾರ ಮಾಡಿದೆ.

ಗೋಡೆ ಮೇಲಿನ ಫ್ರೇಮು

ನಮ್ಮ ಆಫೀಸಿಗೆ ಬಂದೋರು ಮೊದಲು ನೋಡೋದೇ ಗೋಡೆ ಮೇಲಿರೋ ಪ್ರಧಾನಿಗಳ ಫೋಟೋ. ಫ್ರೇಮಿನ ಹಿಂದುಗಡೆ ಮೊಳೆ ಹೊಡೆದುಬಿಟ್ಟಿದ್ದಾರೆ, ಬಿಚ್ಚೋದಂದ್ರೆ ಪ್ರಾಣಸಂಕಟ. ಒಂದು ವರ್ಷ ಆ ದೇಶದ ಪಾರ್ಲಿಮೆಂಟಿನಲ್ಲಿ ಅವಿಶ್ವಾಸ ನಿರ್ಣಯ ಬಂದು ನಮ್ಮ ಪ್ರಧಾನಿ ಇಳಿದ್ರು. ಅವರ ಚಿಕ್ಕಪ್ಪನ ಮಗನೇ ಕುರ್ಚಿ ಹತ್ತಿದ. ಅಲ್ಲಿ ಆಡಳಿತ ಪಕ್ಷ, ವಿರೋಧ ಪಕ್ಷ ಎಲ್ಲ ಒಂದೇ ಕುಟುಂಬದ ಮದುವೆ ಮನೆ ಇದ್ದ ಹಾಗೆ. ಫೋಟೋ ಬದಲಾಯಿಸಬೇಕಲ್ಲ, ನಾನು ಮೊಳೆ ಕೀಳೋ ಗೋಜಿಗೇ ಹೋಗಲಿಲ್ಲ. ಮೇಲಿನ ಸಂದಿಯಿಂದ ಹೊಸ ಫೋಟೋನ ಹಳೇದರ ಮುಂದಕ್ಕೆ ಇಳಿಬಿಟ್ಟೆ.

ಕೆಲವೇ ತಿಂಗಳು. ಚಿಕ್ಕಪ್ಪನ ಮಗ ನಮ್ಮ ಆಫೀಸಿಗೆ ಒಂದು ಫೋನೂ ಮಾಡೋ ಮುಂಚೆನೇ ಅವನೂ ಇಳಿದ, ನಮ್ಮೋರು ಮತ್ತೆ ಹತ್ತಿದ್ರು. ನಾನು ಮುಂದಿನ ಫೋಟೋ ಎಳೆದೆ. ಒಳಗೆ ನಮ್ಮೋರು ಎಲ್ಲೂ ಹೋಗೇ ಇರಲಿಲ್ಲ ಅನ್ನೋ ಹಾಗೆ ನಗ್ತಾ ನಿಂತಿದ್ರು. ಫೋನಲ್ಲಿ ಅವರಿಗೆ ಇದನ್ನ ಹೇಳಿದೆ. ಅವರು ನಗ್ತಾರೆ ಅಂದ್ಕೊಂಡ್ರೆ ಗಾಬರಿಯಿಂದ ಕೇಳಿದ್ರು:

"ತೆಗೆದಿದ್ದನ್ನ ಎಸೆದ್ರಾ ಆಂಟಿ? ಬೇಡ ಬೇಡ. ನನ್ನ ಹಿಂದೆ ಇಡಿ. ಬೇಕಾಗುತ್ತೆ."

ತಗೊಳ್ಳಿ ಸಾರ್

ಕೋವಿಡ್ ಗಲಾಟೆ ಮುಗಿದ ಮೇಲೆ ಪ್ರಧಾನಿಗಳು ವಾಷಿಂಗ್ಟನ್ನಿಗೆ ಬಂದ್ರು. ಸಭೆಗಳ ನಡುವೆ ಮಧ್ಯಾಹ್ನ ಆಫೀಸಲ್ಲೇ ಕೂತಿದ್ರು. ನಾನು ಊಟಕ್ಕೆ ಅಂತ ನನ್ನ ಟಿಫನ್ ಕ್ಯಾರಿಯರ್ ಬಿಚ್ಚಿದೆ. ನನ್ನದೇನು, ನಮ್ಮತ್ತೇದು. ಅತ್ತೆ ನಮ್ಮ ಜೊತೆಗೇ ಇರೋದು. ಅವರ ಮದುವೇಲಿ ತವರಿನೋರು ಕೊಟ್ಟ ನಾಲ್ಕು ಡಬ್ಬಿ ಸ್ಟೀಲ್ ಕ್ಯಾರಿಯರ್ ಅದು, ನಮ್ಮ ಕಡೆ ಪದ್ಧತಿಯಂತೆ ಮುಚ್ಚಳದ ಮೇಲೆ ಅವರ ಹೆಸರು ಕೆತ್ತಿಸಿದ್ದಾರೆ.

ಪ್ರಧಾನಿಗಳಿಗೂ ಬಡಿಸಿದೆ. ಬೀನ್ಸ್ ಪಲ್ಯ, ಹುಳಿ, ಮೊಸರನ್ನ ಎಲ್ಲ ಚಪ್ಪರಿಸಿ ತಿಂದ್ರು. ತಿಂದು, ಡಬ್ಬಿಗಳನ್ನ ಒಂದರ ಮೇಲೊಂದು ಜೋಡಿಸಿ, ಕೊಂಡಿ ಹಾಕಿ, "ಎಷ್ಟು ಚೆನ್ನಾಗಿದೆ ಆಂಟಿ ಇದು!" ಅಂದ್ರು.

ನನ್ನ ಮೈಸೂರು ಬಾಯಿ ಸುಮ್ನಿರಬೇಕಲ್ಲ. "ತಗೊಳ್ಳಿ ಸಾರ್, ನಿಮ್ಮದೇ ಅಂದ್ಕೊಳ್ಳಿ" ಅಂದೆ.

ನಮ್ಮಲ್ಲಾದ್ರೆ ಮುಂದೇನಾಗಬೇಕು? ಅವರು "ಅಯ್ಯೋ ಬೇಡಮ್ಮ" ಅನ್ನಬೇಕು. ನಾನು "ಇಲ್ಲ ಇಲ್ಲ, ತಗೊಳ್ಳಲೇಬೇಕು" ಅನ್ನಬೇಕು. ಅವರು ಇನ್ನೊಂದು ಸಲ ಬೇಡ ಅನ್ನಬೇಕು. ಅಲ್ಲಿಗೆ ಮರ್ಯಾದೆ ಮುಗೀತು, ವಸ್ತು ಮನೇಲೇ ಉಳೀತು. ಅವರ ದ್ವೀಪದಲ್ಲಿ ಹಾಗಲ್ಲ. ಕೊಟ್ಟಿದ್ದನ್ನ ಬೇಡ ಅಂದ್ರೆ ಕೊಟ್ಟೋರಿಗೆ ಅವಮಾನ. ಪ್ರಧಾನಿಗಳು ಎದ್ದು ನಿಂತ್ರು. ಕ್ಯಾರಿಯರ್‌ನ ಎರಡೂ ಕೈಯಲ್ಲಿ ಎದೆಗೆ ಅವಚ್ಕೊಂಡು ತಲೆ ಬಾಗಿಸಿದ್ರು. ತಗೊಂಡೇ ಹೋದ್ರು!

ಮಾರನೇ ದಿನ ನನಗೆ ಒಂದು ಚಾಪೆ ತಂದುಕೊಟ್ರು. ತೀರಿಹೋದ ಅವರಮ್ಮ ಹೆಣೆದಿದ್ದು, ಎಲ್ಲೇ ಹೋದ್ರೂ ಜೊತೇಲಿ ಇಟ್ಕೊಂಡಿರ್ತಿದ್ರಂತೆ. ನಾನು "ಅಯ್ಯೋ ಬೇಡ ಸಾರ್" ಅನ್ನೋಕೆ ಬಾಯಿ ತೆಗೆದು, ಅವರ ಮುಖ ನೋಡಿ, ಎರಡೂ ಕೈ ಚಾಚಿದೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಸುಳ್ಳು ಹೇಳಲ್ಲ.

ಮನೇಲಿ ಅತ್ತೆಗೆ ಎಲ್ಲ ಹೇಳಿದೆ. ಅವರು ಚಾಪೆ ಮೇಲೆ ಕೈಯಾಡಿಸಿ, "ನೇಯ್ಗೆ ಚೆನ್ನಾಗಿದೆ" ಅಂದ್ರು. ಅದನ್ನ ಮಡಚಿಡ್ತಾ ಸೇರಿಸಿದ್ರು: "ಆದ್ರೆ ಆ ಪುಣ್ಯಾತ್ಮ ನಮ್ಮನೆಗೆ ಬಂದ್ರೆ ನನ್ನನ್ನ ಹೊರಗೆ ಕರೀಬೇಡ ಕಣೇ. ಅವನು 'ನಿಮ್ಮತ್ತೆ ಚೆನ್ನಾಗಿದ್ದಾರೆ' ಅಂದ್ರೆ ನೀನು 'ತಗೊಳ್ಳಿ ಸಾರ್' ಅಂದುಬಿಡ್ತೀಯ."

ವಿಜಯನಗರ ಬಿತ್ತು

ಮುಂದಿನ ವರ್ಷ ನವೆಂಬರಿನಲ್ಲಿ ಪ್ರಧಾನಿಗಳು ಮತ್ತೆ ಬಂದ್ರು. ಈ ಸಲದ ಕೆಲಸ ದೊಡ್ಡದು. ಅವರ ಊರಿಗೆ ವರ್ಷ ವರ್ಷ ಸಮುದ್ರ ಒಳಗೆ ಬರ್ತಿದೆ. ಶಾಲೆ ಅಂಗಳಕ್ಕೆ ಬಂದಾಗಿದೆ, ಈಗ ಸಮಾಧಿಗಳ ಜಾಗಕ್ಕೆ ಬರ್ತಿದೆ. ಅಲೆ ಜೋರಾದ್ರೆ ಅವರಮ್ಮನ ಸಮಾಧಿ ಕಲ್ಲು ನೆನೆಯುತ್ತೆ. ಅಲ್ಲಿಗೆ ತಡೆಗೋಡೆ ಕಟ್ಟಿಸೋ ಒಪ್ಪಂದಕ್ಕೆ ಸೋಮವಾರ ಅಮೆರಿಕದೋರ ಜೊತೆ ಸಹಿ ಆಗಬೇಕಿತ್ತು. ಇವರು ವಿಮಾನ ಹತ್ತಿದ್ದೇ ತಡ, ಅಲ್ಲಿ ಚಿಕ್ಕಪ್ಪನ ಮಗ ಅವಿಶ್ವಾಸ ನಿರ್ಣಯ ಮಂಡಿಸಿದ. ಮತದಾನ ಅಲ್ಲಿಯ ಸೋಮವಾರ ಬೆಳಿಗ್ಗೆ, ಅಂದ್ರೆ ನಮ್ಮ ಭಾನುವಾರ ಸಂಜೆ. ಅವರ ದೇಶ ಯಾವಾಗ್ಲೂ ನಮಗಿಂತ ಒಂದು ದಿನ ಮುಂದೆ. ಸೋತ್ರೆ ಸಹಿ ಹಾಕೋ ಅಧಿಕಾರ ಹೋಯ್ತು, ಹೊಸಬ ಬಂದು ಎಲ್ಲ ಮೊದಲಿಂದ ಶುರು ಮಾಡೋ ಹೊತ್ತಿಗೆ ಸಮುದ್ರ ಕಾಯುತ್ತಾ?

ಆ ಭಾನುವಾರವೇ ಎಲಿಕಾಟ್ ಸಿಟಿಯ ಒಂದು ಶಾಲೆ ಆಡಿಟೋರಿಯಮ್‌ನಲ್ಲಿ ನಮ್ಮ ಕನ್ನಡ ಸಂಘದ ರಾಜ್ಯೋತ್ಸವ. ಸಂಘದ ಅಧ್ಯಕ್ಷರು ತಿಂಗಳಿಂದ ನನ್ನ ಬೆನ್ನು ಬಿದ್ದು ಪ್ರಧಾನಿಗಳನ್ನ ಮುಖ್ಯ ಅತಿಥಿಯಾಗಿ ಒಪ್ಪಿಸಿಕೊಂಡಿದ್ರು. "ಬೇಡ ಅಂದ್ರೆ ಬಿಡಿ ಸಾರ್, ನಾನು ಹೇಳ್ತೀನಿ" ಅಂದೆ. "ಇಲ್ಲಿಂದ ನಾನು ಓಟು ಹಾಕೋಕಾಗಲ್ಲ ಆಂಟಿ. ಹೋಟೆಲಲ್ಲಿ ಫೋನ್ ನೋಡ್ತಾ ಕೂತ್ರೆ ತಲೆ ಕೆಡುತ್ತೆ ಅಷ್ಟೆ. ಬರ್ತೀನಿ" ಅಂದ್ರು.

ಹಾರ, ಶಾಲು, ಮೈಸೂರು ಪೇಟ, ಎಲ್ಲ ಆಯ್ತು. ಅಧ್ಯಕ್ಷರು ಅತಿಥಿಗಳ ಪರಿಚಯಕ್ಕೆ ನಿಂತ್ರು. ಪರಿಚಯಕ್ಕೆ ಪೀಠಿಕೆ ಬೇಕಲ್ಲ, ಕದಂಬರಿಂದ ಶುರು ಮಾಡಿದ್ರು. ಅತಿಥಿಗಳಿಗೆ ಅರ್ಥ ಆಗಲಿ ಅಂತ ಒಂದೊಂದು ರಾಜವಂಶವನ್ನೂ ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಲ್ಲಿ. ಚಾಲುಕ್ಯರು ಬರೋ ಹೊತ್ತಿಗೆ ಅಲ್ಲಿ ಪಾರ್ಲಿಮೆಂಟ್ ಸೇರಿತ್ತು. ಹೊಯ್ಸಳರ ಹೊತ್ತಿಗೆ ಚರ್ಚೆ ಮುಗಿದಿತ್ತು. ಅಧ್ಯಕ್ಷರು ವಿಜಯನಗರ ಹೇಗೆ ಬಿತ್ತು ಅಂತ ಗದ್ಗದವಾಗಿ ಹೇಳ್ತಿದ್ದಾಗ ನನ್ನ ಫೋನ್ ನಡುಗ್ತು.

"ಗುಡ್ ಮಾರ್ನಿಂಗ್. ನಾನು ಪ್ರಧಾನಮಂತ್ರಿ."

ಗೊತ್ತಿಲ್ಲದ ಧ್ವನಿ. ಕಟ್ ಮಾಡಬಾರದು ಅಂತ ನಿರ್ಧಾರ ಮಾಡಿದ್ದು ನಿಜ. ಆದ್ರೆ ಪ್ರಧಾನಮಂತ್ರಿ ಕಣ್ಣೆದುರಿಗೇ ಪೇಟ ಇಟ್ಕೊಂಡು ಕೂತಿದ್ದಾರಲ್ಲ! "ನಾಚಿಕೆ ಆಗಲ್ವಾ ನಿಮಗೆ?" ಅಂತ ಪಿಸುಗುಟ್ಟಿ ಕಟ್ ಮಾಡಿದೆ.

ಪಕ್ಕದಲ್ಲಿ ಕೂತಿದ್ದ ರಾಯಭಾರಿಗಳು ತಮ್ಮ ಫೋನು ನೋಡ್ತಿದ್ರು. ಅವರ ಮುಖ ಸಪ್ಪಗಾಗಿತ್ತು. "ಅದು ಸ್ಕ್ಯಾಮ್ ಅಲ್ಲ" ಅಂದ್ರು.

ಹೇಳೋರು ಯಾರು? ನಾನೇ ನೀರಿನ ಬಾಟಲ್ ಹಿಡ್ಕೊಂಡು ಸ್ಟೇಜ್ ಹತ್ತಿದೆ. ಬಗ್ಗಿ, "ಸಾರ್, ನಿಮ್ಮ ತಮ್ಮ ಫೋನ್ ಮಾಡಿದ್ರು" ಅಂದೆ.

"ಏನಂತೆ?"

"ಪ್ರಧಾನಮಂತ್ರಿ ಅಂತೆ."

ಅವರು ಶಾಲಿನ ಅಂಚು ಬಿಗಿಯಾಗಿ ಹಿಡ್ಕೊಂಡ್ರು. ಕುರ್ಚಿ ಅನ್ನಲಿಲ್ಲ, ಸೋಲು ಅನ್ನಲಿಲ್ಲ. "ಗೋಡೆ" ಅಂದ್ರು ಅಷ್ಟೆ.

ಅಷ್ಟರಲ್ಲಿ ಅಧ್ಯಕ್ಷರು "ಸನ್ಮಾನ್ಯ ಪ್ರಧಾನಮಂತ್ರಿಗಳೇ!" ಅಂತ ಕೈ ಚಾಚಿದ್ರು. ಅವರು ಎದ್ದು ಮೈಕ್ ಹತ್ರ ಹೋದ್ರು. "ಈ ಹಿರಿಯರು ನನ್ನ ಪರಿಚಯ ಶುರು ಮಾಡಿದಾಗ ನಾನು ಪ್ರಧಾನಮಂತ್ರಿ ಆಗಿದ್ದೆ. ಈಗ ಅಲ್ಲ" ಅಂದ್ರು. ಸಭೆ ಗೊಳ್ಳಂತ ನಕ್ಕಿತು. ಜೋಕ್ ಅಲ್ಲ ಅಂತ ಗೊತ್ತಾಗಿ ಗಪ್‌ಚುಪ್ ಆಯ್ತು. "ನಿಮ್ಮ ಅಷ್ಟೂ ರಾಜರು ಹೋದ ಕಥೆ ಕೇಳಿದೆ. ಅವರೆಲ್ಲ ಹೋದ್ರೂ ನೀವು ಇಷ್ಟು ದೂರ ಬಂದು ಅದೇ ಭಾಷೇಲಿ ನಗ್ತಿದ್ದೀರಿ. ನನಗೆ ಧೈರ್ಯ ಬಂತು. ಯಾರು ಬಂದ್ರೂ ಯಾರು ಹೋದ್ರೂ ನಮ್ಮೂರು ಹೀಗೇ ಉಳಿದ್ರೆ ಸಾಕು." ಇಷ್ಟೇ ಭಾಷಣ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು.

ಅಧ್ಯಕ್ಷರು ಸ್ಮರಣಿಕೆ ಹಿಡ್ಕೊಂಡು ನನ್ನ ಹತ್ರ ಓಡಿ ಬಂದ್ರು. "ಮೇಡಂ, ಇದರ ಮೇಲೆ ಪ್ರಧಾನಮಂತ್ರಿ ಅಂತ ಬರೆಸಿಬಿಟ್ಟಿದ್ದೀವಿ. ಈಗೇನು ಗತಿ?"

"ಕೊಡ್ರೀ, ಪರವಾಗಿಲ್ಲ. ಇನ್ನೊಂದು ಸಲ ಆಗ್ತಾರೆ" ಅಂದೆ.

ಸ್ಟೇಜ್ ಹಿಂದುಗಡೆ, ಕೋಲಾಟಕ್ಕೆ ಸಿದ್ಧವಾಗಿದ್ದ ಮಕ್ಕಳ ಮಧ್ಯೆ ನಿಂತು ನಮ್ಮ ಪ್ರಧಾನಿಗಳು ನನ್ನ ಫೋನಿನಿಂದಲೇ ತಮ್ಮನಿಗೆ ಫೋನ್ ಮಾಡಿದ್ರು. ಗಲಾಟೇಲಿ ಕೇಳಿಸಲ್ಲ ಅಂತ ಸ್ಪೀಕರ್ ಹಾಕಿದ್ರು.

"ಬೇಜಾರಾಯ್ತಾ ಅಣ್ಣ?"

"ಆಯ್ತು. ಕುರ್ಚಿ ನೀನೇ ಇಟ್ಕೊ. ಆದ್ರೆ ನಾಳೆ ಗೋಡೆ ಸಹಿ ತಪ್ಪಬಾರದು. ಅಲ್ಲಿ ಮಲಗಿರೋದು ನಿನ್ನ ದೊಡ್ಡಮ್ಮನೂ ಹೌದು. ನೀನೂ ಅವಳ ಕೈತುತ್ತು ತಿಂದೋನು."

ಆ ಕಡೆ ಧ್ವನಿ ಮೆತ್ತಗಾಯ್ತು. "ನೀನೇ ಸಹಿ ಹಾಕು. ನನ್ನ ಪರವಾಗಿ ಅಧಿಕಾರ ಕೊಟ್ಟು ಈಗ್ಲೇ ಇಮೇಲ್ ಕಳಿಸ್ತೀನಿ. ಒಂದೇ ಒಂದು ಷರತ್ತು."

ನಾನೂ ರಾಯಭಾರಿಗಳೂ ಫೋನಿನ ಹತ್ರ ಬಗ್ಗಿದ್ವಿ. ಮಂತ್ರಿಗಿರಿ ಕೇಳ್ತಾನೋ, ರಾಜಕೀಯ ಬಿಡು ಅಂತಾನೋ.

"ಇಲ್ಲಿ ಪ್ರಧಾನಿ ಆಫೀಸಿನಿಂದ ನಿನ್ನ ಸಾಮಾನೆಲ್ಲ ತಗೊಂಡು ಹೋಗು. ನೀನು ದಿನಾ ಊಟ ತರ್ತಿದ್ಯಲ್ಲ, ಆ ನಾಲ್ಕು ಡಬ್ಬೀದು ಮಾತ್ರ ಬಿಟ್ಟುಹೋಗು."

ನಮ್ಮ ಪ್ರಧಾನಿಗಳ ಮುಖ ನೋಡಬೇಕಿತ್ತು. ಕುರ್ಚಿ ಹೋದಾಗಲೂ ಅಷ್ಟು ಬಾಡಿರಲಿಲ್ಲ. "ಅದು ಆಫೀಸಿನದ್ದಲ್ಲ ಕಣೋ, ನಂದು! ಆಂಟಿ ನನಗೆ ಕೊಟ್ಟಿದ್ದು!"

"ಪ್ರಧಾನಿಗೆ ಕೊಟ್ಟಿದ್ದು ತಾನೆ?"

ಅಣ್ಣತಮ್ಮ ಇಬ್ಬರೂ ಜಗಳಕ್ಕೆ ಬಿದ್ರೆ ಗೋಡೆ ಗತಿ ಏನು! ನಾನು ಫೋನಿಗೆ ಬಾಯಿಟ್ಟು ಕೂಗಿದೆ: "ತಗೊಳ್ಳಿ ಸಾರ್!" ಈ ಸಲ ಬಾಯಿ ಮಾತಿಗಲ್ಲ, ಮನಸಾರೆ.

ಸೋಮವಾರ ಸಹಿ ಆಯ್ತು. ಈಗ ಗೋಡೆ ಏಳ್ತಿದೆ, ಫೋಟೋ ಕಳಿಸ್ತಿರ್ತಾರೆ. ಸಮಾಧಿ ಕಲ್ಲು ಒಣಗಿದೆ. ಅದಾದ ಮೇಲೆ ಪ್ರಧಾನಿ ಇನ್ನೊಂದು ಸಲ ಬದಲಾದ್ರು, ನಾನೂ ಫ್ರೇಮಿಗೆ ಇನ್ನೊಂದು ಫೋಟೋ ಇಳಿಬಿಟ್ಟೆ. ಹೊಸಬರು ಫೋನ್ ಮಾಡಿ ಮೊದಲು ಕೇಳಿದ್ದು, "ಆಂಟಿ, ಈ ಡಬ್ಬಿ ಮುಚ್ಚಳದ ಮೇಲೆ ಏನೋ ಕೆತ್ತಿದ್ದಾರಲ್ಲ, ಮಂತ್ರಾನಾ?" ಅಂತ.

"ಇಲ್ಲ ಸಾರ್, ನಮ್ಮತ್ತೆ ಹೆಸರು" ಅಂದೆ.

ಅವತ್ತು ಸಂಜೆ ಅತ್ತೆ ಆ ಚಾಪೆ ಮೇಲೆ ಕೂತು ಹೂವು ಕಟ್ತಿದ್ರು. "ನೋಡಿ ಅತ್ತೆ, ಎಷ್ಟು ಜನ ಪ್ರಧಾನಿಗಳು ಬಂದು ಹೋದ್ರು. ಆ ಆಫೀಸಲ್ಲಿ ಬದಲಾಗದೆ ಉಳಿದಿರೋ ಹೆಸರು ನಿಮ್ಮದೊಂದೇ" ಅಂದೆ.

ಅತ್ತೆ ಹೂವು ಕಟ್ಟೋದು ನಿಲ್ಲಿಸಿ ಯೋಚನೆ ಮಾಡಿದ್ರು.

"ಹಾಗಿದ್ರೆ ಈಗಿರೋನಿಗೆ ಸ್ವಲ್ಪ ಹೇಳು. ಕೊಂಡಿ ಮೆಲ್ಲಗೆ ಹಾಕಬೇಕಂತೆ, ಡಬ್ಬಿ ತೊಳೆದು ಒರೆಸಿ ಇಡಬೇಕಂತೆ. ಮುಂದೆ ಬರೋನಿಗೂ ಬೇಕಲ್ಲ."